ಯಾತ್ರಿಕರ ಕೋಟೆ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿಕೊಂಡರು. ಧರ್ಮಕೇಂದ್ರದ ಚರಿತ್ರೆಯನ್ನು ಬಲ್ಲವರು ಬೇರೆಡೆ ಬರೆಯುತ್ತಿರುವುದರಿಂದ, ನಾವು ದೂರದ ಇನ್ನೊಂದು ಕಟ್ಟಡದ ಚರಿತ್ರೆಯನ್ನು ಭಕ್ತಾದಿಗಳ ಮುಂದಿಡಲು ಬಯಸುತ್ತೇವೆ. ಅದು ಪವಿತ್ರ ನಾಡಿನ ಕಡಲ ತಡಿಯಲ್ಲಿ ಎಂಟು ನೂರು ವರ್ಷಗಳ ಹಿಂದೆ ಎದ್ದುನಿಂತ ಒಂದು ಕೋಟೆ. ಲತೀನ್ ಭಾಷೆಯಲ್ಲಿ ಅದನ್ನು 'ಕಾಸ್ತ್ರುಮ್ ಪೆರೆಗ್ರಿನೋರುಮ್' ಎಂದು ಕರೆದರು. ಎಂದರೆ 'ಯಾತ್ರಿಕರ ಕೋಟೆ'. ಗುರುಮಠದಲ್ಲಿ ಧರ್ಮಸಭೆಯ ಇತಿಹಾಸವನ್ನು ಅಭ್ಯಾಸ ಮಾಡುತ್ತಿದ್ದ ದಿನಗಳಲ್ಲಿ ಈ ಹೆಸರು ಮೊದಲ ಬಾರಿಗೆ ನಮ್ಮ ಕಣ್ಣಿಗೆ ಬಿತ್ತು. ಅರಸರು ಕಟ್ಟಿಸಿದ ಕೋಟೆಗಳು ಲೋಕದಲ್ಲಿ ಅನೇಕ. ಯಾತ್ರಿಕರು ತಮ್ಮ ಕೈಯಾರೆ ಕಲ್ಲು ಹೊತ್ತು ಕಟ್ಟಿ, ಯಾತ್ರಿಕರ ಹೆಸರನ್ನೇ ಪಡೆದ ಕೋಟೆ ವಿರಳ. ಅಂದಿನಿಂದ ಇಂದಿನವರೆಗೂ ಆ ಹೆಸರು ನಮ್ಮನ್ನು ಬಿಟ್ಟಿಲ್ಲ.

ಶತಮಾನೋತ್ಸವದ ಸಂಭ್ರಮದಲ್ಲಿ ಹಾಳುಬಿದ್ದ ಕೋಟೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಟ್ಟಡವೊಂದು ನೂರು ವರ್ಷ ನಿಂತಿತೆಂದು ಸಂತೋಷಪಡುವವರು, ಕಟ್ಟಡವೊಂದು ಯಾತಕ್ಕಾಗಿ ನಿಲ್ಲುತ್ತದೆ, ಯಾತಕ್ಕಾಗಿ ಬೀಳುತ್ತದೆ ಎಂಬುದನ್ನೂ ಒಮ್ಮೆ ಯೋಚಿಸುವುದು ಒಳ್ಳೆಯದಲ್ಲವೇ? ಆ ಯೋಚನೆಗೆ ಈ ಕೋಟೆಯ ಕಥೆ ತಕ್ಕ ಸಾಮಗ್ರಿಯನ್ನು ಒದಗಿಸುತ್ತದೆ.

ಸ್ಥಳ ಪರಿಚಯ

ಇಂದಿನ ಇಸ್ರೇಲ್ ದೇಶದ ಹೈಫಾ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 13 ಕಿಲೋಮೀಟರ್ ದೂರದಲ್ಲಿ ಅತ್ಲಿತ್ ಎಂಬ ಊರಿದೆ. ಅಲ್ಲಿ ನೆಲವು ಚಿಕ್ಕ ನಾಲಿಗೆಯಂತೆ ಮೆಡಿಟರೇನಿಯನ್ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಮೂರು ಕಡೆ ನೀರು. ಪೂರ್ವದ ಒಂದು ಕಡೆ ಮಾತ್ರ ನೆಲ. ಬೆನ್ನ ಹಿಂದೆ ಪ್ರವಾದಿ ಎಲೀಯನ ನೆನಪನ್ನು ಹೊತ್ತ ಕಾರ್ಮೆಲ್ ಪರ್ವತ. ಈ ಭೂಶಿರದ ಉತ್ತರದ ಕೊಲ್ಲಿಯಲ್ಲಿ ಕ್ರಿಸ್ತಪೂರ್ವ ಕಾಲದಲ್ಲೇ ಫಿನೀಷಿಯದ ನಾವಿಕರು ಕಲ್ಲಿನ ಅಡ್ಡಗಟ್ಟೆಗಳನ್ನು ಕಟ್ಟಿ ಬಂದರನ್ನು ನಿರ್ಮಿಸಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಸುಮಾರು ಒಂಬತ್ತು ಸಾವಿರ ವರ್ಷಗಳಷ್ಟು ಹಳೆಯ ಗ್ರಾಮವೊಂದು ಇದೇ ಕರಾವಳಿಯ ನೀರಿನಡಿಯಲ್ಲಿ ಮುಳುಗಿರುವುದು 1984ರಲ್ಲಿ ಪತ್ತೆಯಾಯಿತು. ಮನುಷ್ಯನು ಬಹು ಹಿಂದಿನಿಂದಲೂ ಬಾಳುವೆಗೆ ಆರಿಸಿಕೊಂಡ ತಾಣ ಇದೆಂಬುದರಲ್ಲಿ ಸಂದೇಹವಿಲ್ಲ.

ಕ್ರೈಸ್ತ ಯಾತ್ರಿಕರಿಗೆ ಈ ಸ್ಥಳದ ಮಹತ್ವ ಬೇರೆ ಕಾರಣದಿಂದ ಬಂದಿತು. ಐರೋಪ್ಯ ಹಡಗುಗಳಿಂದ ಆಕ್ರೆ ಬಂದರಿನಲ್ಲಿ ಇಳಿದವರು ಸಮುದ್ರದ ಅಂಚಿನ ದಾರಿಯನ್ನು ಹಿಡಿದು ದಕ್ಷಿಣಕ್ಕೆ ನಡೆದು ಜೆರುಸಲೇಮನ್ನು ಸೇರುತ್ತಿದ್ದರು. ಅತ್ಲಿತ್‌ನ ಬಳಿ ಸಮುದ್ರಕ್ಕೆ ಸಮಾನಾಂತರವಾಗಿ ಮರಳುಗಲ್ಲಿನ ಒಂದು ದಿಬ್ಬವಿದೆ. ದಾರಿಯು ಆ ಬಂಡೆಯನ್ನು ಕಡಿದು ಮಾಡಿದ ಇಕ್ಕಟ್ಟಾದ ಕಣಿವೆಯ ಮೂಲಕ ಹಾದುಹೋಗುತ್ತಿತ್ತು. ಕಳ್ಳಕಾಕರು ಹೊಂಚುಹಾಕಲು ಇದಕ್ಕಿಂತ ಅನುಕೂಲವಾದ ಜಾಗ ಬೇಕಿರಲಿಲ್ಲ. ಜೆರುಸಲೇಮಿನ ದೊರೆ ಮೊದಲನೆಯ ಬಾಲ್ಡ್‌ವಿನನೇ 1103ರಲ್ಲಿ ಈ ಪ್ರದೇಶದಲ್ಲಿ ದಾಳಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡನು. ದೊರೆಯ ಪಾಡೇ ಹೀಗಿದ್ದರೆ ಕೈಯಲ್ಲಿ ಕೋಲು, ಹೆಗಲಲ್ಲಿ ಜೋಳಿಗೆ ಹೊತ್ತು ನಡೆಯುವ ಬಡ ಯಾತ್ರಿಕನ ಪಾಡೇನು!

ಯಾತ್ರಿಕರ ರಕ್ಷಣೆಗಾಗಿಯೇ ಸುಮಾರು 1119ರಲ್ಲಿ ಯೂಗ್ ದ ಪಾಯನ್ ಎಂಬ ಫ್ರೆಂಚ್ ವೀರನ ನೇತೃತ್ವದಲ್ಲಿ ಟೆಂಪ್ಲರರ ಸಭೆ ಹುಟ್ಟಿತು. ಜೆರುಸಲೇಮಿನಲ್ಲಿ, ಹಿಂದೆ ಸೊಲೊಮೋನನ ದೇವಾಲಯವಿತ್ತೆಂದು ನಂಬಲಾಗಿದ್ದ ಸ್ಥಳದಲ್ಲಿ ಅವರ ವಸತಿ ಇದ್ದುದರಿಂದ 'ದೇವಾಲಯದ ಯೋಧರು' ಎಂಬ ಹೆಸರು ಬಂದಿತು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ತೊಟ್ಟ ಸನ್ಯಾಸಿಗಳೇ ಕತ್ತಿಯನ್ನೂ ಹಿಡಿದರು. 1129ರಲ್ಲಿ ತ್ರ್ವಾ ನಗರದ ಸಭೆಯಲ್ಲಿ, ಸಂತ ಬೆರ್ನಾರ್ದರ ಸಮಕ್ಷಮದಲ್ಲಿ, ಅವರಿಗೆ ಧರ್ಮಸಭೆಯ ಮಾನ್ಯತೆ ದೊರೆಯಿತು. ಅತ್ಲಿತ್‌ನ ಇಕ್ಕಟ್ಟಿನ ದಾರಿಯಲ್ಲಿ ಅವರು ಬಂಡೆಯ ಮೇಲೆ ಒಂದು ಕಾವಲು ಬುರುಜನ್ನು ಕಟ್ಟಿ ಯಾತ್ರಿಕರನ್ನು ಕಾಯುತ್ತಿದ್ದರು. 'ಇಕ್ಕಟ್ಟು' ಎಂಬ ಅರ್ಥದ 'ದೆಸ್ತ್ರ್ವಾ' ಎಂಬುದೇ ಅದರ ಹೆಸರಾಯಿತು. ನಮ್ಮ ಕೋಟೆಯ ಪೂರ್ವಜನು ಆ ಪುಟ್ಟ ಬುರುಜು.

ಕೋಟೆ ಹುಟ್ಟಿದ ಬಗೆ

1187ರಲ್ಲಿ ಜೆರುಸಲೇಮು ಸುಲ್ತಾನ ಸಲಾವುದ್ದೀನನ ವಶವಾಯಿತು. ಅದನ್ನು ಮರಳಿ ಪಡೆಯಲು ಹೊರಟ ಐದನೆಯ ಶಿಲುಬೆಯುದ್ಧದ ಸೈನ್ಯ 1217ರಲ್ಲಿ ಆಕ್ರೆಗೆ ಬಂದಿಳಿಯಿತು. ಹಂಗೆರಿಯ ದೊರೆ ಎರಡನೆಯ ಆಂದ್ರೆ, ಆಸ್ಟ್ರಿಯದ ಅಧಿಪತಿ ಲಿಯೋಪೋಲ್ಡ್, ಜೆರುಸಲೇಮಿನ ದೊರೆಯೆಂಬ ಬಿರುದನ್ನು ಹೊತ್ತಿದ್ದ ಬ್ರಿಯೆನ್ನದ ಯೋವಾನ್ನ ಮೊದಲಾದವರು ಅದರಲ್ಲಿದ್ದರು. ಆ ಚಳಿಗಾಲದಲ್ಲಿ ಹೇಳಿಕೊಳ್ಳುವಂಥ ಜಯವೇನೂ ಲಭಿಸಲಿಲ್ಲ. ಹಂಗೆರಿಯ ದೊರೆ 1218ರ ಆರಂಭದಲ್ಲಿ ತನ್ನ ದೇಶಕ್ಕೆ ಹಿಂದಿರುಗಿದನು. ಉಳಿದವರು ಹೊಸ ಪಡೆಗಳ ಬರವನ್ನು ಎದುರುನೋಡುತ್ತ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಒಂದು ತಂಡ ಸೀಸರೇಯಾ ಪಟ್ಟಣದ ಕೋಟೆಯನ್ನು ಭದ್ರಪಡಿಸಲು ಹೋಯಿತು. ಇನ್ನೊಂದು ತಂಡ ಟೆಂಪ್ಲರರೊಡನೆ ಅತ್ಲಿತ್‌ಗೆ ಬಂದಿತು. ಆವೆನ್ನದ ವಾಲ್ಟರ್ ಎಂಬ ಪ್ರಭುವೂ ಜರ್ಮನ್ ಟ್ಯೂಟಾನಿಕ್ ಸಭೆಯ ಯೋಧರೂ ಅಸಂಖ್ಯಾತ ಸಾಮಾನ್ಯ ಯಾತ್ರಿಕರೂ ಆ ತಂಡದಲ್ಲಿದ್ದರು.

ಅಲ್ಲಿ ನಡೆದುದನ್ನು ನಮಗೆ ತಿಳಿಸಿದವರು ಜರ್ಮನಿಯ ಕೊಲೋನ್ ನಗರದ ಗುರು ಒಲಿವರ್. ಸ್ವತಃ ಯುದ್ಧಯಾತ್ರೆಯಲ್ಲಿ ಪಾಲ್ಗೊಂಡ ಅವರು ಮುಂದೆ ಪಾದರ್‌ಬಾರ್ನ್‌ನ ಧರ್ಮಾಧ್ಯಕ್ಷರಾಗಿ, ಕಾರ್ಡಿನಲ್ ಪದವಿಗೂ ಏರಿ, 1227ರಲ್ಲಿ ದೈವಾಧೀನರಾದರು. ಅವರ ಬರಹದ ಪ್ರಕಾರ, ನೆಲದ ಕಡೆಯಿಂದ ಭೂಶಿರಕ್ಕೆ ಅಡ್ಡಲಾಗಿ ಆರು ವಾರಗಳ ಕಾಲ ಅಗೆದ ಮೇಲೆ, ಉದ್ದವೂ ದಪ್ಪವೂ ಆದ ಪುರಾತನ ಗೋಡೆಯೊಂದು ಕಂಡುಬಂದಿತು. ಯಾವ ಕಾಲದವೆಂದು ಯಾರೂ ಅರಿಯದ ನಾಣ್ಯಗಳು ಸಿಕ್ಕಿದವು. ಅವು ಕೆಲಸದ ವೆಚ್ಚಕ್ಕೆ ಒದಗಿದವು. ಇನ್ನೂ ಮುಂದಕ್ಕೆ ಅಗೆದಾಗ ಎರಡನೆಯ ಗೋಡೆ ದೊರೆತು, ಎರಡು ಗೋಡೆಗಳ ನಡುವೆ ಸಿಹಿನೀರಿನ ಒರತೆಗಳು ಚಿಮ್ಮಿದವು. ಮೂರು ಕಡೆ ಉಪ್ಪುನೀರಿರುವ ಜಾಗದಲ್ಲಿ ಸಿಹಿನೀರು ದೊರೆತಾಗ ಆ ಜನರಿಗಾದ ಹರ್ಷವನ್ನು, ಕಡಲ ತಡಿಯಲ್ಲಿ ಬಾವಿ ತೋಡಿ ಅನುಭವವಿರುವ ನಮ್ಮ ಜನಕ್ಕೆ ವಿವರಿಸಿ ಹೇಳಬೇಕಾಗಿಲ್ಲ. ಕಲ್ಲುಗಳು ಎಷ್ಟು ದೊಡ್ಡವಾಗಿದ್ದವೆಂದರೆ ಒಂದೊಂದನ್ನು ಎಳೆಯಲು ಜೋಡಿ ಎತ್ತುಗಳಿಗೂ ಕಷ್ಟವಾಗುತ್ತಿತ್ತಂತೆ. 1218ರ ಪಾಸ್ಕಹಬ್ಬದ ಹೊತ್ತಿಗೆ ಕೋಟೆಯ ಮುಖ್ಯ ಭಾಗ ರಕ್ಷಣೆಗೆ ಯೋಗ್ಯವಾದಷ್ಟು ಎದ್ದುನಿಂತಿತ್ತು.

ಸ್ಥಳದ ಅನುಕೂಲಗಳನ್ನೂ ಗುರು ಒಲಿವರ್ ಪಟ್ಟಿಮಾಡಿದ್ದಾರೆ: ಒಳ್ಳೆಯ ಬಂದರು, ಮೀನು, ಉಪ್ಪು, ಸೌದೆ, ಹುಲ್ಲುಗಾವಲು, ದ್ರಾಕ್ಷಿಯ ತೋಟ, ಹಣ್ಣಿನ ತೋಪು. ಇದೇ ವೇಳೆಗೆ ದಮಾಸ್ಕಸಿನ ಅಧಿಪತಿ ಅಲ್-ಮುಅಜ್ಜಮನು ತಾಬೋರ್ ಬೆಟ್ಟದ ಮೇಲೆ ತಾನು ಕಾಯುತ್ತಿದ್ದ ಕೋಟೆಯನ್ನು ಕೆಡವಿಸಿದನು. ನಮ್ಮ ಪ್ರಭು ರೂಪಾಂತರ ಹೊಂದಿದ ಬೆಟ್ಟ ಹೀಗೆ ಶತ್ರುವಿನ ಕಾವಲಿನಿಂದ ಬಿಡುಗಡೆಯಾದುದಕ್ಕೆ ಯಾತ್ರಿಕರ ಕೋಟೆಯ ಭಯವೇ ಕಾರಣವೆಂದು ಅಂದಿನವರು ಹಿಗ್ಗಿದರು. ಅದಕ್ಕೆ 'ದೇವಪುತ್ರನ ಕೋಟೆ' ಎಂಬ ಇನ್ನೊಂದು ಹೆಸರನ್ನೂ ಇಟ್ಟರು.

ಕಟ್ಟೋಣದ ವೈಶಿಷ್ಟ್ಯ

ಈ ಕೋಟೆಯ ಯೋಜನೆ ಸರಳವಾದುದು. ಆದರೆ ಜಾಣತನದಿಂದ ಕೂಡಿದುದು. ಸಮುದ್ರವಿರುವ ಮೂರು ದಿಕ್ಕುಗಳಲ್ಲಿ ಪ್ರಕೃತಿಯೇ ಕಾವಲು. ಆದುದರಿಂದ ಶಕ್ತಿಯನ್ನೆಲ್ಲ ಪೂರ್ವದ ನೆಲದ ಕಡೆಗೆ ಕೇಂದ್ರೀಕರಿಸಿದರು. ಹೊರಗಿನಿಂದ ಬರುವವನಿಗೆ ಮೊದಲು ಎದುರಾಗುವುದು ಕಂದಕ. ಅದನ್ನು ದಾಟಿದರೆ ಹೊರಗೋಡೆ. ಅದರ ಎತ್ತರ ಸುಮಾರು 15 ಮೀಟರ್, ದಪ್ಪ ಆರು ಮೀಟರಿಗೂ ಹೆಚ್ಚು. ಈ ಗೋಡೆಯಲ್ಲಿ ಮೂರು ಚೌಕಾಕಾರದ ಬುರುಜುಗಳು. ಹೆಬ್ಬಾಗಿಲುಗಳು ಬುರುಜಿನ ಎದುರುಮುಖದಲ್ಲಿರದೆ ಪಕ್ಕದಲ್ಲಿದ್ದವು. ಒಳನುಗ್ಗುವವನು ಸೀದಾ ಓಡಿಬರಲಾಗದೆ ತಿರುವಿನಲ್ಲಿ ತಡೆಯಬೇಕಾಗುತ್ತಿತ್ತು; ತಡೆದವನ ಮೇಲೆ ಬಾಣಗಳು ಸುರಿಯುತ್ತಿದ್ದವು. ಮೇಲಿನಿಂದ ಇಳಿಬಿಡುವ ಜಾಲಬಾಗಿಲಿನ ಏರ್ಪಾಡೂ ಇತ್ತು.

ಹೊರಗೋಡೆಯ ಹಿಂದೆ ಅದಕ್ಕಿಂತ ಇಮ್ಮಡಿ ಎತ್ತರದ ಒಳಗೋಡೆ. ಅದರ ಎರಡು ತುದಿಗಳಲ್ಲಿ ಎರಡು ಮಹಾ ಬುರುಜುಗಳು. ಒಂದೊಂದು ಬುರುಜು ನೂರು ಅಡಿ ಉದ್ದ, ಎಪ್ಪತ್ತನಾಲ್ಕು ಅಡಿ ಅಗಲವೆಂದು ಗುರು ಒಲಿವರ್ ಬರೆದಿದ್ದಾರೆ. ಬಹುಮಟ್ಟಿಗೆ ಇದು ನಿಜವೆಂದು ಮುಂದಿನ ಅಳತೆಗಳಿಂದಲೂ ಸಿದ್ಧವಾಗಿದೆ. ಎತ್ತರ 30 ಮೀಟರಿಗೂ ಮಿಗಿಲು. ಈ ಮಹಾ ಬುರುಜುಗಳನ್ನು ಹೊರಗೋಡೆಯ ಬುರುಜುಗಳ ನೇರ ಹಿಂದೆ ಕಟ್ಟದೆ, ಅವುಗಳ ನಡುವಣ ತೆರಪಿಗೆ ಎದುರಾಗಿ ಕಟ್ಟಿದ್ದಾರೆ. ಇದರಿಂದಾಗಿ ಹೊರಗೋಡೆಯ ಮೇಲಿನ ಬಿಲ್ಲುಗಾರರೂ ಒಳಗೋಡೆಯ ಮೇಲಿನ ಬಿಲ್ಲುಗಾರರೂ ಒಬ್ಬರಿಗೊಬ್ಬರು ಅಡ್ಡಬಾರದೆ ಏಕಕಾಲದಲ್ಲಿ ಬಾಣ ಬಿಡಬಹುದಾಗಿತ್ತು. ಕವಣೆಯಂತ್ರಗಳಿಂದ ಶತ್ರು ಎಸೆಯುವ ಕಲ್ಲುಗುಂಡುಗಳು ದಪ್ಪವಾದ ಹೊರಗೋಡೆಗೆ ತಾಗಿ ನಿಲ್ಲಬೇಕು; ಒಳಗೋಡೆಯನ್ನು ಮುಟ್ಟಬಾರದು ಎಂಬುದು ಕಟ್ಟಿದವರ ಲೆಕ್ಕಾಚಾರ. ಆ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ ಎಂಬುದನ್ನು ಮುಂದೆ ನೋಡುವೆವು.

ಎರಡು ಮಹಾ ಬುರುಜುಗಳಲ್ಲಿ ಉತ್ತರದ್ದರ ಒಂದು ಭಾಗ ಇಂದಿಗೂ ಒಂಟಿಯಾಗಿ ಆಕಾಶಕ್ಕೆ ಮುಖಮಾಡಿ ನಿಂತಿದೆ. ಸ್ಥಳೀಯ ಅರಬರು ಅದನ್ನು 'ಎಲ್-ಕರ್ನೀಫೆ' ಎಂದು ಕರೆದರು. ಅದರ ಮೇಲಂತಸ್ತಿನ ಸಭಾಂಗಣದ ಕಮಾನುಗಳು ಗೋಡೆಯಿಂದ ಹೊರಚಾಚಿದ ಕಲ್ಲುಗಳ ಮೇಲೆ ಕೂತಿದ್ದವು. ಆ ಕಲ್ಲುಗಳಲ್ಲಿ ಮನುಷ್ಯರ ಮುಖಗಳನ್ನು ಕೆತ್ತಿದ್ದಾರೆ: ಒಂದು ಗಡ್ಡಧಾರಿಯ ಮುಖ, ಮತ್ತೊಂದು ಗಡ್ಡವಿಲ್ಲದ ಮುಖ. ಛಾವಣಿ ಕುಸಿದುಬಿದ್ದಿದೆ; ಭಾರ ಹೊರುವ ಕೆಲಸ ಮುಗಿದುಹೋಗಿದೆ; ಮುಖಗಳು ಮಾತ್ರ ನಿಂತಲ್ಲೇ ನಿಂತು ಸಮುದ್ರದ ಗಾಳಿಗೆ ಸವೆಯುತ್ತಿವೆ.

ಕೋಟೆಯೊಳಗಿನ ದೇವಾಲಯ

ಎರಡು ಗೋಡೆಗಳನ್ನು ದಾಟಿ ಒಳಗೆ ಬಂದವನಿಗೆ ಕಾಣುತ್ತಿದ್ದುದು ಮಠವೊಂದರ ನೋಟ. ಸಮುದ್ರದ ಅಂಚಿನುದ್ದಕ್ಕೂ ಕಲ್ಲಿನ ಕಮಾನು ಛಾವಣಿಯ ಉದ್ದನೆಯ ಸಾಲುಮನೆಗಳು: ಊಟದ ಮನೆ, ಮಲಗುವ ಮನೆ, ಉಗ್ರಾಣ. ಅವುಗಳ ನಡುವಣ ಅಂಗಳದಲ್ಲಿ ದೇವಾಲಯ. ಸಾಮಾನ್ಯವಾದ ಉದ್ದನೆಯ ಆಕಾರದಲ್ಲಿರದೆ ಅದು ಹನ್ನೆರಡು ಮೂಲೆಗಳ ದುಂಡು ಕಟ್ಟಡವಾಗಿತ್ತು. ಜೆರುಸಲೇಮಿನಲ್ಲಿ ಪ್ರಭುವಿನ ಪವಿತ್ರ ಸಮಾಧಿಯ ಮೇಲಿರುವ ದುಂಡಾದ ದೇವಾಲಯದ ನೆನಪನ್ನು ಹುಟ್ಟಿಸುವ ಇಂಥ ಆಕಾರವನ್ನು ಟೆಂಪ್ಲರರು ಬೇರೆ ದೇಶಗಳಲ್ಲೂ ಬಳಸಿದ್ದಾರೆ. ಜೆರುಸಲೇಮು ಕೈತಪ್ಪಿಹೋಗಿದ್ದ ಆ ದಿನಗಳಲ್ಲಿ, ಕಲ್ಲಿನಲ್ಲಿ ಬರೆದ ವಿರಹಗೀತೆಯಂತೆ ಆ ದೇವಾಲಯ ಇದ್ದಿರಬೇಕು ಎಂದು ನಮಗೆ ಅನಿಸುತ್ತದೆ. ಕಾಲ್ಸೆದೋನಿನ ರಕ್ತಸಾಕ್ಷಿ ಸಂತ ಯುಫೇಮಿಯಾ ಅವರ ಪವಿತ್ರ ಅವಶೇಷವನ್ನು ಕೋಟೆಯಲ್ಲಿ ಪೂಜ್ಯಭಾವದಿಂದ ಇಟ್ಟಿದ್ದರು. ಅದನ್ನು ದರ್ಶಿಸಲು ಯಾತ್ರಿಕರು ಅಲ್ಲಿ ತಂಗುತ್ತಿದ್ದರು.

ಕೋಟೆಯ ಹೊರಗೆ ಒಂದು ಪೇಟೆಯೂ ಬೆಳೆಯಿತು. ಅದಕ್ಕೂ ಒಂದು ಗೋಡೆ, ಒಂದು ಕಂದಕ, ಸ್ನಾನಗೃಹ, ಕುದುರೆಲಾಯ. ಪೇಟೆಯವರಿಗೆ ತಮ್ಮದೇ ಒಂದು ದೇವಾಲಯ ಬೇಕೆನಿಸಿತು, ಕಟ್ಟಲಾರಂಭಿಸಿದರು. ಬ್ರಿಟಿಷರ ಆಡಳಿತ ಕಾಲದಲ್ಲಿ, 1930ರ ದಶಕದಲ್ಲಿ, ಸಿ. ಎನ್. ಜಾನ್ಸ್ ಎಂಬ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿದಾಗ ಆ ದೇವಾಲಯದ ಅಡಿಪಾಯವೂ ಬಲಿಪೀಠದ ಭಾಗವೂ ಹೊರಬಂದವು. ಅದು ಪೂರ್ತಿಯಾಗದೆ ಅರ್ಧಕ್ಕೇ ನಿಂತುಹೋದ ಕಟ್ಟಡವೆಂದು ತಿಳಿದುಬಂದಿತು. ಈ ಸಂಗತಿಯನ್ನು ಓದಿದಾಗ ನಮ್ಮ ಮನಸ್ಸು ಕೋಟೆಗಿಂತಲೂ ಆ ಅಪೂರ್ಣ ದೇವಾಲಯದ ಕಡೆಗೇ ಹರಿಯಿತು. ಕೋಟೆಯ ಗೋಡೆಗೆ ಹಣವಿತ್ತು, ಆಳುಗಳಿದ್ದರು, ಅವಸರವೂ ಇತ್ತು. ಪೇಟೆಯ ಬಡವರ ದೇವಾಲಯವನ್ನು ಮುಗಿಸಲು ಮಾತ್ರ ಕಾಲ ಕೂಡಿಬರಲಿಲ್ಲ. ಸಮೀಪದಲ್ಲೇ ನೂರಾರು ಸಮಾಧಿಗಳ ಸಾಲಿದೆ. ಅವುಗಳಲ್ಲಿ ಮಲಗಿರುವವರ ಹೆಸರುಗಳನ್ನು ದೇವರೇ ಬಲ್ಲನು.

ಮುತ್ತಿಗೆಗಳೂ ಅತಿಥಿಗಳೂ

ಕೋಟೆ ಕಟ್ಟಿ ಎರಡು ವರ್ಷವಾಗುವಷ್ಟರಲ್ಲಿ, 1220ರಲ್ಲಿ, ಅಲ್-ಮುಅಜ್ಜಮನು ದೊಡ್ಡ ಸೈನ್ಯದೊಡನೆ ಬಂದು ಮುತ್ತಿಗೆ ಹಾಕಿದನು. ಹಳೆಯ ಕಾವಲು ಬುರುಜು ಶತ್ರುವಿನ ಕೈಸೇರಬಾರದೆಂದು ಟೆಂಪ್ಲರರೇ ಅದನ್ನು ಕೆಡವಿದ್ದರು. ಕವಣೆಯಂತ್ರಗಳು ಕಲ್ಲುಗುಂಡುಗಳನ್ನು ಎಸೆದವು, ಗೋಡೆ ಅಲುಗಲಿಲ್ಲ. ಆ ದಿನಗಳಲ್ಲಿ ಟೆಂಪ್ಲರರು ತಮ್ಮ ವೆಚ್ಚದಲ್ಲಿ ದಿನವೂ ನಾಲ್ಕು ಸಾವಿರ ಯೋಧರಿಗೆ ಊಟ ಹಾಕಿದರೆಂದು ಗುರು ಒಲಿವರ್ ಬರೆಯುತ್ತಾರೆ. ಸಮುದ್ರದ ಬಾಗಿಲು ತೆರೆದಿರುವವರೆಗೆ ಅನ್ನಕ್ಕಾಗಲಿ ಆಯುಧಕ್ಕಾಗಲಿ ಕೊರತೆ ಬರಲಿಲ್ಲ. ಕೊನೆಗೆ ಅಲ್-ಮುಅಜ್ಜಮನು ಬರಿಗೈಯಲ್ಲಿ ಹಿಂದಿರುಗಿದನು.

1229ರಲ್ಲಿ ಬಂದ ಅತಿಥಿ ಇನ್ನೊಂದು ಬಗೆಯವನು. ಧರ್ಮಸಭೆಯಿಂದ ಬಹಿಷ್ಕೃತನಾಗಿದ್ದ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಕೋಟೆಯನ್ನು ತನ್ನ ವಶಕ್ಕೆ ಒಪ್ಪಿಸಬೇಕೆಂದನು. ಟೆಂಪ್ಲರರು ಹೆಬ್ಬಾಗಿಲನ್ನು ಮುಚ್ಚಿ, ಹೊರಟುಹೋಗದಿದ್ದರೆ ಹಿಂತಿರುಗಿ ಹೋಗಲಾಗದಂಥ ಸ್ಥಳದಲ್ಲಿ ಇರಿಸುವೆವೆಂದು ಗದರಿಸಿ ಕಳುಹಿಸಿದರು. ಕ್ರೈಸ್ತರ ಮೇಲೆಯೇ ಕ್ರೈಸ್ತರ ಬಾಗಿಲು ಮುಚ್ಚಿದ ಆ ದಿನವೂ ಈ ಚರಿತ್ರೆಯ ಒಂದು ಭಾಗವೇ ಆಗಿದೆ.

ಸಂತೋಷದ ನೆನಪೂ ಒಂದುಂಟು. ಫ್ರಾನ್ಸಿನ ದೊರೆ ಸಂತ ಲೂಯಿಸರು ಈಜಿಪ್ಟಿನಲ್ಲಿ ಸೋತು ಸೆರೆಸಿಕ್ಕಿ, ಹಣ ತೆತ್ತು ಬಿಡುಗಡೆಯಾಗಿ, 1250ರಲ್ಲಿ ಪವಿತ್ರ ನಾಡಿಗೆ ಬಂದು ನಾಲ್ಕು ವರ್ಷ ನಿಂತರು. 1251ರಲ್ಲಿ ರಾಣಿ ಮಾರ್ಗರೀತಳು ಈ ಯಾತ್ರಿಕರ ಕೋಟೆಯಲ್ಲೇ ಗಂಡುಮಗುವನ್ನು ಹೆತ್ತಳು. ಮಗುವಿಗೆ ಪೇತ್ರನೆಂದು ಹೆಸರಿಟ್ಟರು. ಟೆಂಪ್ಲರರ ಮಹಾನಾಯಕನೇ ಜ್ಞಾನಪಿತನಾಗಿ ನಿಂತನು. ಯುದ್ಧಕ್ಕಾಗಿ ಕಟ್ಟಿದ ಗೋಡೆಗಳ ನಡುವೆ ತೊಟ್ಟಿಲೊಂದು ತೂಗಿದ ಆ ದಿನಗಳನ್ನು ನೆನೆದರೆ ಮನಸ್ಸಿಗೆ ಹಿತವಾಗುತ್ತದೆ.

ಬಾಗಿಲು ಮುಚ್ಚಿದ ದಿನ

ಕಾಲ ತಿರುಗಿತು. ಈಜಿಪ್ಟಿನ ಮಮ್ಲೂಕ್ ಸುಲ್ತಾನ ಬೈಬರ್ಸನು 1265ರಲ್ಲಿ ಸೀಸರೇಯಾ, ಹೈಫಾ, ಅರ್ಸೂಫ್‌ಗಳನ್ನು ಗೆದ್ದಾಗ ಅತ್ಲಿತ್‌ನ ಪೇಟೆಯನ್ನೂ ಸುಟ್ಟು ಹಾಳುಗೆಡವಿದನು. ಕೋಟೆಯನ್ನು ಮಾತ್ರ ಹಿಡಿಯಲಾಗಲಿಲ್ಲ. 1283ರ ಕರಾರಿನಲ್ಲಿ ಸುಲ್ತಾನ ಕಲಾವೂನನು ಅತ್ಲಿತ್ ಕ್ರೈಸ್ತರದೆಂದು ಒಪ್ಪಿಕೊಂಡನು. ಆದರೆ 1291ರ ಮೇ 18ರಂದು ರಾಜಧಾನಿಯಾಗಿದ್ದ ಆಕ್ರೆಯೇ ಬಿದ್ದುಹೋಯಿತು. ಆ ಬಳಿಕ ಒಂದೊಂದಾಗಿ ಬಂದರುಗಳು ಬರಿದಾದವು. ಆಗಸ್ಟ್ 3ರಂದು ತೋರ್ತೋಸಾ. ಆಗಸ್ಟ್ 14ರಂದು, ಕನ್ಯಾಮಾತೆಯ ಸ್ವರ್ಗಾರೋಹಣದ ಹಬ್ಬದ ಹಿಂದಿನ ದಿನ, ಯಾತ್ರಿಕರ ಕೋಟೆ. ಟೆಂಪ್ಲರರು ಹಡಗುಗಳನ್ನೇರಿ ಸೈಪ್ರಸ್ ದ್ವೀಪಕ್ಕೆ ಹೊರಟರು. ಎಪ್ಪತ್ತಮೂರು ವರ್ಷಗಳಲ್ಲಿ ಯಾವ ಸೈನ್ಯವೂ ಮುತ್ತಿಗೆಯಿಂದ ಗೆಲ್ಲಲಾಗದಿದ್ದ ಕೋಟೆ, ಒಂದು ಬಾಣವೂ ತಾಗದೆ ಬರಿದಾಯಿತು.

ಕಟ್ಟಿದವರ ಗತಿಯೂ ಆಶ್ಚರ್ಯಕರವಾದುದೇ. ಟೆಂಪ್ಲರರನ್ನು ಕೊನೆಗಾಣಿಸಿದ್ದು ಸುಲ್ತಾನನಲ್ಲ. 1307ರ ಅಕ್ಟೋಬರ್ 13ರಂದು ಫ್ರಾನ್ಸಿನ ಕ್ರೈಸ್ತ ದೊರೆ ನಾಲ್ಕನೆಯ ಫಿಲಿಪ್ ಅವರನ್ನು ಸೆರೆಹಿಡಿಸಿದನು. 1312ರಲ್ಲಿ ಜಗದ್ಗುರು ಐದನೆಯ ಕ್ಲೆಮೆಂತರು ಅವರ ಸಭೆಯನ್ನೇ ರದ್ದುಗೊಳಿಸಿದರು. 1314ರಲ್ಲಿ ಕೊನೆಯ ಮಹಾನಾಯಕ ಜಾಕ್ ದ ಮೊಲೆಯನ್ನು ಪ್ಯಾರಿಸಿನಲ್ಲಿ ಸುಟ್ಟರು. ಕೋಟೆಯ ದೇವಾಲಯದ ಗೋಡೆಗಳನ್ನು ಹದಿನೆಂಟನೆಯ ಶತಮಾನದ ಪ್ರವಾಸಿಗರು ಇನ್ನೂ ಕಂಡಿದ್ದರು. 1837ರ ಭೂಕಂಪವೂ, ಆಕ್ರೆಯ ಕಟ್ಟಡಗಳಿಗೆಂದು ಕಲ್ಲು ಸಾಗಿಸಿದವರೂ ಅವನ್ನು ನೆಲಸಮ ಮಾಡಿದರು. ಇಂದು ಆ ಭೂಶಿರ ಇಸ್ರೇಲಿನ ನೌಕಾಪಡೆಯ ನೆಲೆಯೊಳಗಿದೆ; ಸಾರ್ವಜನಿಕರಿಗೆ ಪ್ರವೇಶವಿಲ್ಲ. ಪವಿತ್ರ ನಾಡಿನ ಯಾತ್ರೆಗೆ ಹೋಗುವ ನಮ್ಮವರು ಹೈಫಾದಿಂದ ಸೀಸರೇಯಾಕ್ಕೆ ಸಾಗುವಾಗ ಬಲಗಡೆ ಸಮುದ್ರದಂಚಿನ ಆ ಒಂಟಿ ಬುರುಜನ್ನು ದೂರದಿಂದ ನೋಡಬಹುದು. ಯಾತ್ರಿಕರ ಹೆಸರಿನ ಕೋಟೆಯೊಳಕ್ಕೆ ಇಂದು ಯಾತ್ರಿಕನೇ ಕಾಲಿಡುವಂತಿಲ್ಲ.

ಉಳಿದುದು ಯಾವುದು?

ಇಲ್ಲಿಗೇ ಕಥೆಯನ್ನು ನಿಲ್ಲಿಸಿದರೆ ಎಲ್ಲವೂ ನಶ್ವರವೆಂಬ ಹಳೆಯ ನೀತಿಯನ್ನು ಹೇಳಿ ಮುಗಿಸಿದಂತಾಗುತ್ತದೆ. ಆದರೆ ಎಲ್ಲವೂ ನಶಿಸಲಿಲ್ಲ. ಅದೇ ಕಾಲದಲ್ಲಿ, ಅದೇ ನೆಲದಲ್ಲಿ, ಕೋಟೆ ಕಟ್ಟದವರು ಕೆಲವರಿದ್ದರು.

ಕೋಟೆ ಎದ್ದ ಮರುವರ್ಷ, 1219ರಲ್ಲಿ, ಅದೇ ಐದನೆಯ ಶಿಲುಬೆಯುದ್ಧದ ಸೈನ್ಯ ಈಜಿಪ್ಟಿನ ದಾಮಿಯೆತ್ತಾ ನಗರಕ್ಕೆ ಮುತ್ತಿಗೆ ಹಾಕಿದ್ದಾಗ, ಅಸ್ಸಿಸಿಯ ಸಂತ ಫ್ರಾನ್ಸಿಸರು ಒಬ್ಬ ಸಹೋದರನೊಡನೆ ನಿರಾಯುಧರಾಗಿ ಶತ್ರುವಿನ ಪಾಳೆಯಕ್ಕೆ ನಡೆದುಹೋದರು. ಸುಲ್ತಾನ ಅಲ್-ಕಾಮಿಲನ ಎದುರು ನಿಂತು ಯೇಸುಸ್ವಾಮಿಯ ವಿಷಯವನ್ನು ಹೇಳಿದರು. ಸುಲ್ತಾನನು ಅವರ ಮಾತನ್ನು ಕೇಳಿ, ಯಾವ ಕೇಡೂ ಮಾಡದೆ ಕಳುಹಿಸಿಕೊಟ್ಟನು. ಈ ಅಲ್-ಕಾಮಿಲನು ಅತ್ಲಿತ್‌ಗೆ ಮುತ್ತಿಗೆ ಹಾಕಿದ ಅಲ್-ಮುಅಜ್ಜಮನ ಒಡಹುಟ್ಟಿದವನೇ. ಒಬ್ಬ ಸೋದರನಿಗೆ ಆರು ಮೀಟರಿಗೂ ಮಿಕ್ಕಿದ ದಪ್ಪದ ಗೋಡೆ ಎದುರಾಯಿತು. ಇನ್ನೊಬ್ಬನಿಗೆ ತೇಪೆಯ ಅಂಗಿ ತೊಟ್ಟ ಬಡವನೊಬ್ಬ ಎದುರಾದನು. ದಾಮಿಯೆತ್ತಾ ಅದೇ ವರ್ಷ ಕ್ರೈಸ್ತರ ಕೈಸೇರಿ, 1221ರಲ್ಲಿ ಕೈಬಿಟ್ಟುಹೋಯಿತು. ಕೋಟೆಗಳೆಲ್ಲ 1291ರಲ್ಲಿ ಹೋದವು. ಫ್ರಾನ್ಸಿಸರ ಮಕ್ಕಳಾದರೋ ಮರಳಿ ಬಂದರು. ಜಗದ್ಗುರು ಆರನೆಯ ಕ್ಲೆಮೆಂತರು 1342ರಲ್ಲಿ ಅವರಿಗೆ ಪವಿತ್ರ ಸ್ಥಳಗಳ ಪಾಲನೆಯನ್ನು ವಹಿಸಿದರು. ಇಂದಿಗೂ ಪ್ರಭುವಿನ ಸಮಾಧಿಯ ಬಳಿ ಲತೀನ್ ವಿಧಿಯ ಪ್ರಾರ್ಥನೆಯನ್ನು ನಡೆಸುತ್ತಿರುವವರು ಅವರೇ.

ಎರಡನೆಯ ನಿದರ್ಶನ ನಮಗೆ ಇನ್ನೂ ಹತ್ತಿರದ್ದು. ಅತ್ಲಿತ್‌ನಿಂದ ಕೆಲವೇ ಮೈಲಿ ಉತ್ತರದಲ್ಲಿ, ಕಾರ್ಮೆಲ್ ಪರ್ವತದ ಕಣಿವೆಯೊಂದರಲ್ಲಿ, ಎಲೀಯನ ಹೆಸರಿನ ಒರತೆಯ ಬಳಿ ಕೆಲವು ಏಕಾಂತವಾಸಿಗಳು ಗುಡಿಸಲು ಕಟ್ಟಿಕೊಂಡು ವಾಸಿಸುತ್ತಿದ್ದರು. 1206ರಿಂದ 1214ರ ನಡುವೆ ಜೆರುಸಲೇಮಿನ ಪಿತಾಮಹಾಧ್ಯಕ್ಷ ಸಂತ ಆಲ್ಬರ್ತರು ಅವರಿಗೆ ಪುಟ್ಟದೊಂದು ನಿಯಮಾವಳಿಯನ್ನು ಬರೆದುಕೊಟ್ಟರು. ಗುಡಿಸಲುಗಳ ನಡುವೆ ಒಂದು ಪ್ರಾರ್ಥನಾಲಯ ಇರಬೇಕೆಂದು ಅದರಲ್ಲಿ ವಿಧಿಸಲಾಗಿದೆ. ತೊಡಬೇಕಾದ ಕವಚದ ಮಾತೂ ಅದರಲ್ಲಿದೆ. ಆದರೆ ಅದು ಸಂತ ಪೌಲರು ಹೇಳಿದ ವಿಶ್ವಾಸದ, ನೀತಿಯ ಕವಚ. 1291ರಲ್ಲಿ ಆ ಗುಡಿಸಲುಗಳೂ ನಾಶವಾದವು. ಆದರೆ ಅಷ್ಟರೊಳಗೆ ಆ ಸನ್ಯಾಸಿಗಳಲ್ಲಿ ಹಲವರು ಯೂರೋಪಿಗೆ ಹೋಗಿ ನೆಲೆಸಿದ್ದರು. ಅವರ ಬಳಿ ಹೊತ್ತೊಯ್ಯಲಾಗದಂಥ ಗೋಡೆಯೇನೂ ಇರಲಿಲ್ಲ. ಹೊತ್ತೊಯ್ಯಬಹುದಾದ ಒಂದು ಬಾಳುವೆ ಇತ್ತು.

ಆ ಬಾಳುವೆ ಸಮುದ್ರಗಳನ್ನು ದಾಟಿ ನಮ್ಮ ನಾಡಿಗೂ ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ, 1878ರಲ್ಲಿ ಯೇಸುಸಭೆಯ ಗುರುಗಳು ಮಂಗಳೂರಿಗೆ ಬರುವ ಮುನ್ನ, ಕನ್ನಡ ಜಿಲ್ಲೆಯ ಕ್ರೈಸ್ತರ ಧರ್ಮಪಾಲನೆಯ ಭಾರವನ್ನು ಹೊತ್ತಿದ್ದವರು ಕಾರ್ಮೆಲ್ ಸಭೆಯ ಗುರುಗಳು. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತೋಲಿಕ ಕಾರ್ಮೆಲ್ ಸಭೆಯ ಭಗಿನಿಯರ ಶಾಲೆಗಳಲ್ಲಿ ಅಕ್ಷರ ಕಲಿತ ತಾಯಂದಿರು ಈ ಕರಾವಳಿಯಲ್ಲಿ ಎಷ್ಟೋ ಮಂದಿ. ಜುಲೈ 16ರಂದು ಕಾರ್ಮೆಲ್ ಮಾತೆಯ ಹಬ್ಬವನ್ನು ಆಚರಿಸುವಾಗ, ಕೊರಳಲ್ಲಿ ಉತ್ತರೀಯವನ್ನು ಧರಿಸುವಾಗ, ನಾವು ಆ ಕಣಿವೆಯ ಗುಡಿಸಲುಗಳಿಗೆ ಋಣಿಗಳಾಗಿದ್ದೇವೆ. ಕೋಟೆಯ ನೆರಳಿನಿಂದ ನಮಗೆ ಬಂದುದು ಏನೂ ಇಲ್ಲ. ಬೆಟ್ಟದ ಗುಡಿಸಲಿನಿಂದ ಬಂದುದು ಇನ್ನೂ ನಮ್ಮ ಮನೆಗಳಲ್ಲಿದೆ.

ಹೀಗೆಂದು ಕೋಟೆ ಕಟ್ಟಿದವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದಾರಿಹೋಕನ ಪ್ರಾಣ ಕಾಯಬೇಕೆಂಬ ಕರುಣೆಯಿಂದಲೇ ಆ ಕೆಲಸ ಆರಂಭವಾಯಿತು. ಆದರೆ ಶಿಲುಬೆಯ ಗುರುತನ್ನು ತೊಟ್ಟವರ ಕೈಯಿಂದ 1099ರಲ್ಲಿ ಜೆರುಸಲೇಮಿನ ಬೀದಿಗಳಲ್ಲಿ ಹರಿದ ರಕ್ತವನ್ನು ಮರೆಮಾಚುವುದು ಸತ್ಯಕ್ಕೆ ದ್ರೋಹವಾದೀತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಸ್ಲಿಂ ಬಾಂಧವರನ್ನು ಗೌರವದಿಂದ ಕಾಣಬೇಕೆಂದೂ, ಹಿಂದಿನ ವೈರವನ್ನು ಮರೆತು ಪರಸ್ಪರ ಅರಿವಿಗಾಗಿ ಶ್ರಮಿಸಬೇಕೆಂದೂ ಬೋಧಿಸಿತು. 2000ದ ಮಾರ್ಚ್ 12ರಂದು ಜಗದ್ಗುರು ಸಂತ ದ್ವಿತೀಯ ಜಾನ್ ಪೌಲರು, ಸತ್ಯದ ಹೆಸರಿನಲ್ಲಿ ಬಲಾತ್ಕಾರವನ್ನು ಬಳಸಿದ ಧರ್ಮಸಭೆಯ ಮಕ್ಕಳ ಪಾಪಗಳಿಗಾಗಿ ರೋಮಿನಲ್ಲಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಗೋಡೆಗಳ ಚರಿತ್ರೆಯನ್ನು ಓದುವ ನಮಗೂ ಆ ಪ್ರಾರ್ಥನೆಯಲ್ಲಿ ಪಾಲುಂಟು.

ನಮ್ಮ ಕಲ್ಲುಗಳು

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರೂ ಕಲ್ಲು ಹೊತ್ತರು. ಗಂಡಸರು ಮುರಕಲ್ಲನ್ನು ಕಡಿದು ತಂದರೆ, ಹೆಂಗಸರು ಪೂಜೆ ಮುಗಿದ ಮೇಲೆ ಮರಳು, ಸುಣ್ಣವನ್ನು ತಲೆಯ ಮೇಲಿಟ್ಟು ಸಾಗಿಸಿದರು. ಅತ್ಲಿತ್‌ನ ಯಾತ್ರಿಕರ ಬೆವರಿಗೂ ಅವರ ಬೆವರಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರಬೇಕಾದುದು ಗೋಡೆಗಳ ಉದ್ದೇಶದಲ್ಲಿ. ಕೋಟೆಯ ಗೋಡೆ ಬರುವವನನ್ನು ತಡೆಯಲು ಕಟ್ಟಿದುದು. ದೇವಾಲಯದ ಗೋಡೆ ಬರುವವನಿಗೆ ನೆರಳು ನೀಡಲು ಕಟ್ಟಿದುದು.

ಶತಮಾನೋತ್ಸವಕ್ಕೆಂದು ನಾವು ಗೋಡೆಗೆ ಬಣ್ಣ ಹಚ್ಚಿದ್ದೇವೆ, ಹೆಂಚು ಬದಲಿಸಿದ್ದೇವೆ, ಹೊಸ ದ್ವಾರವನ್ನೂ ನಿಲ್ಲಿಸಿದ್ದೇವೆ. ಇವೆಲ್ಲ ಬೇಕಾದವೇ. ಆದರೆ ಪ್ರಿಯ ಭಕ್ತಾದಿಗಳೇ, ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಮ್ಮ ವಾರ್ಡಿನ ಬಡ ವಿಧವೆಗೆ, ವ್ಯಾಜ್ಯದಿಂದ ಮಾತುಬಿಟ್ಟ ಅಣ್ಣತಮ್ಮಂದಿರಿಗೆ, ಬೇರೆ ಧರ್ಮದ ನೆರೆಯವರಿಗೆ ಈ ಬಾಗಿಲು ತೆರೆದ ಬಾಗಿಲೆಂದು ತೋರುತ್ತಿದೆಯೆ, ತಿರುವಿನಲ್ಲಿ ತಡೆಯುವ ಹೆಬ್ಬಾಗಿಲೆಂದು ತೋರುತ್ತಿದೆಯೆ? ಅತ್ಲಿತ್‌ನ ಪೇಟೆಯಲ್ಲಿ ಅರ್ಧಕ್ಕೆ ನಿಂತ ಆ ಬಡವರ ದೇವಾಲಯವನ್ನು ಮುಗಿಸುವವರು ಯಾರೂ ಬರಲಿಲ್ಲ. ನಮ್ಮ ಧರ್ಮಕೇಂದ್ರದಲ್ಲೂ ಅರ್ಧಕ್ಕೆ ನಿಂತ ಕೆಲಸಗಳಿವೆ. ಅವು ಕಲ್ಲು ಗಾರೆಯ ಕೆಲಸಗಳಲ್ಲ. ಅವನ್ನು ಮುಗಿಸಲು ನಮಗೆ ಇನ್ನೂ ಕಾಲವಿದೆ.

ಮನೆ ಕಟ್ಟುವವರ ಶ್ರಮವನ್ನೂ ಪಟ್ಟಣ ಕಾಯುವವನ ಎಚ್ಚರವನ್ನ�ೂ ಒಟ್ಟಿಗೆ ನೆನೆದು ಹಾಡಿದ ಕೀರ್ತನೆಗಾರನಿಗೆ ಈ ಸತ್ಯ ಗೊತ್ತಿತ್ತು. ಕಟ್ಟಿದವರಾದ ನಮ್ಮ ಹಿರಿಯರ ಆತ್ಮಗಳಿಗೆ ಪ್ರಭು ನಿತ್ಯ ವಿಶ್ರಾಂತಿಯನ್ನು ಅನುಗ್ರಹಿಸಲಿ. ಕಾಯುವವರಾದ ನಮಗೆ, ಬಾಗಿಲನ್ನು ಮುಚ್ಚುವ ಶಕ್ತಿಗಿಂತ ತೆರೆದಿಡುವ ಧೈರ್ಯವನ್ನು ಆತನು ದಯಪಾಲಿಸಲಿ ಎಂದು ಪ್ರಾರ್ಥಿಸುತ್ತ, ಈ ಬರಹವನ್ನು ಮುಗಿಸುತ್ತೇವೆ.